ಹೆರೆದ ಅಚ್ಚು

ಪೆಟ್ಟಿಗೆ ತೆರೆಯಿರಿ ಎಂದು ವಿಮಾನ ನಿಲ್ದಾಣದ ಸುಂಕದ ಅಧಿಕಾರಿ ಕೈಸನ್ನೆ ಮಾಡಿದಾಗ ಮೇಸ್ತ್ರಿ ಕೋಟಿನ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ. ಅಧಿಕಾರಿ ಬಟ್ಟೆಗಳ ನಡುವಿನಿಂದ ಒಂದು ಉಣ್ಣೆಯ ಕಾಲುಚೀಲ ಎತ್ತಿದ, ಅದರ ಭಾರಕ್ಕೆ ಹುಬ್ಬೇರಿಸಿದ, ತಲೆಕೆಳಗು ಮಾಡಿ ಕೊಡವಿದ. ಮೇಜಿನ ಮೇಲೆ ಬಿದ್ದದ್ದು ಪ್ಲಾಸ್ಟರಿನ ಒಂದು ಮೇಲ್ದವಡೆ. ಮುಂದಿನ ಮೂರು ಹಲ್ಲಿಲ್ಲದ ಆ ಬಾಯಿ ಚಾವಣಿ ನೋಡಿಕೊಂಡು ನಗುತ್ತ ಕೂತಿತು. ಹಿಂದೆ ಸಾಲಿನಲ್ಲಿ ನಿಂತವರು ಕತ್ತು ಉದ್ದ ಮಾಡಿದರು.

"ಅದು ನಂದೇ ಬಾಯಿ," ಎಂದಳು ಮೇಸ್ತ್ರಿಯ ಹೆಂಡತಿ. ಅಧಿಕಾರಿಗೆ ಅವಳ ಭಾಷೆ ತಿಳಿಯುವಂತಿರಲಿಲ್ಲ, ಅವಳಿಗೆ ಅದರ ಪರಿವೆಯೂ ಇರಲಿಲ್ಲ. ತನ್ನ ಬಾಯಿ ತೆರೆದು ತೋರಿಸಿದಳು, ಪ್ಲಾಸ್ಟರನ್ನು ತೋರಿಸಿದಳು, ಆಸ್ಪತ್ರೆಯ ಕಾಗದ ಮುಂದೆ ಹಿಡಿದಳು. "ಇನ್ನೊಂದು ಸೆಟ್ ಕಟ್ಟಿಸ್ಕೊಳ್ಳೋಕೆ ಇಷ್ಟು ದೂರ ಬಂದಿದೀವಿ ನೋಡಪ್ಪ." ಕಾಗದ ಓದಿದ ಅಧಿಕಾರಿಯ ಮುಖ ಇಳಿಯಿತು. ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿ, ತಾನೇ ಕಾಲುಚೀಲದೊಳಗೆ ಇಳಿಸಿ, ಪೆಟ್ಟಿಗೆ ಮುಚ್ಚಿಕೊಟ್ಟ. ಮೇಸ್ತ್ರಿಯ ಕೋಟಿನ ಜೇಬನ್ನು ಯಾರೂ ನೋಡಲಿಲ್ಲ. ಅದರಲ್ಲಿ ಕರವಸ್ತ್ರ ಸುತ್ತಿದ ಇನ್ನೊಂದು ಅಚ್ಚಿತ್ತು. ಅದು ಅಲ್ಲಿರುವುದು ಹೆಂಡತಿಗೂ ಗೊತ್ತಿರಲಿಲ್ಲ.

ಮೇಸ್ತ್ರಿ ಎಂದರೆ ಗೋಡೆ ಕಟ್ಟುವವನಲ್ಲ, ಹಲ್ಲು ಕಟ್ಟುವವನು. ಹಲ್ಲಿನ ಡಾಕ್ಟರುಗಳು ಕಣಕದಂಥ ಮೆತ್ತನೆಯ ಮುದ್ದೆ ಒತ್ತಿ ರೋಗಿಯ ಬಾಯಿಯ ಅಳತೆ ತೆಗೆದು ಅವನಿಗೆ ಕಳಿಸುತ್ತಾರೆ. ಅವನು ಅದರಲ್ಲಿ ಪ್ಲಾಸ್ಟರ್ ಸುರಿದು, ಅಚ್ಚು ಬಿಡಿಸಿ, ಅಚ್ಚಿನ ಮೇಲೆ ಗುಲಾಬಿ ಬಣ್ಣದ ಪ್ಲೇಟು ಮಾಡಿ, ಹಲ್ಲು ಕೂರಿಸಿ ವಾಪಸು ಕೊಡುತ್ತಾನೆ. ಮೂವತ್ತು ವರ್ಷದಲ್ಲಿ ಸಾವಿರಾರು ಬಾಯಿ ಅವನ ಮೇಜಿನ ಮೇಲೆ ಹಾದುಹೋಗಿದ್ದವು, ಜೀವಂತ ಬಾಯಿ ಒಂದರೊಳಗೂ ಅವನು ಇಣುಕಿದವನಲ್ಲ. ಬಾಯಿ ನೋಡುವುದು ಡಾಕ್ಟರ ಕೆಲಸ, ಅಚ್ಚು ನೋಡುವುದು ತನ್ನ ಕೆಲಸ ಎಂದು ಗೆರೆ ಎಳೆದುಕೊಂಡು ಕೂತ ಮನುಷ್ಯ.

ಹೆಂಡತಿ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು. ತೂತುಗಳಿರುವ ಗಾಜಿನ ಹಿಂದೆ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆ, ತಪ್ಪಿಸಿಕೊಂಡರೆ ಮುಂದಿನದು ಯಾವುದು ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುವುದು. ಅಷ್ಟು ಮಾತಾಡಿ ಮನೆಗೆ ಬಂದವಳು ಸುಮ್ಮನಿರುತ್ತಾಳೆ ಎಂದುಕೊಂಡರೆ ಅದು ನಿಮ್ಮ ಭ್ರಮೆ. ಮೇಸ್ತ್ರಿಯ ಕೆಲಸದ ಕೋಣೆಯ ಬಾಗಿಲಿಗೆ ಒರಗಿ ನಿಂತು ಆ ದಿನ ಯಾರು ಯಾವ ಬಸ್ಸು ತಪ್ಪಿಸಿಕೊಂಡರು, ಯಾರ ಮದುವೆ ಮುರಿಯಿತು, ಹೊಸ ಸಾಹೇಬರ ಬೆಲ್ಟು ಹೇಗೆ ಹರಿಯಿತು ಎಲ್ಲವನ್ನೂ ಒಪ್ಪಿಸಬೇಕು. ಅವನು ಉಜ್ಜುವ ಮೋಟಾರು ನಿಲ್ಲಿಸದೆ ಅರ್ಧ ಕಿವಿಯಲ್ಲಿ ಕೇಳುತ್ತಿದ್ದ. ಮಕ್ಕಳಿಲ್ಲದ ಮನೆ ಅವಳ ಮಾತಿನಿಂದಲೇ ತುಂಬಿರುತ್ತಿತ್ತು.

ಎಂಟು ವರ್ಷದ ಹಿಂದೆ ನಿಲ್ದಾಣದ ಮೆಟ್ಟಿಲಲ್ಲಿ ಜಾರಿ ಅವಳ ಮುಂದಿನ ಮೂರು ಹಲ್ಲು ಹೋದವು. ಮನೆಯಲ್ಲೇ ಮೇಸ್ತ್ರಿ ಇರುವಾಗ ಡಾಕ್ಟರು ಯಾಕೆ? ಅವನೇ ಅಳತೆ ತೆಗೆದು, ಅಂಗುಳಕ್ಕೆ ಅಂಟಿ ಕೂರುವ ಪ್ಲೇಟು ಮಾಡಿಕೊಟ್ಟ. ಅದು ಹೋದ ವರ್ಷ ಕೈಜಾರಿ ಬಿದ್ದು ಸೀಳಿತು. ಅಡಿಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಮೊದಲಿನ ಹಾಗೇ ಬಾಯೊಳಗೆ ನೋಡದೆ ಮುದ್ದೆ ಒತ್ತಿ ಮತ್ತೆ ಅಳತೆ ತೆಗೆದು ಅಚ್ಚು ಬಿಡಿಸಿದಾಗ ಎಡಭಾಗದಲ್ಲಿ, ಅಂಗುಳದ ಮೇಲೆ, ಅರ್ಧ ಬಟಾಣಿಯಷ್ಟು ಉಬ್ಬು ಕಾಣಿಸಿತು.

ಇದು ಹೊಸದೇನಲ್ಲ. ಅಳತೆ ತೆಗೆಯುವಾಗ ಗಾಳಿ ಸಿಕ್ಕಿಕೊಂಡರೆ ಅಲ್ಲೊಂದು ಕುಳಿ ಬೀಳುತ್ತದೆ, ಪ್ಲಾಸ್ಟರ್ ಆ ಕುಳಿಯನ್ನು ತುಂಬಿ ಅಚ್ಚಿನ ಮೇಲೆ ಉಬ್ಬಾಗಿ ಏಳುತ್ತದೆ. ಹತ್ತು ಅಚ್ಚಿನಲ್ಲಿ ಎರಡಕ್ಕಾದರೂ ಹೀಗಾಗುವುದು ಇದ್ದದ್ದೇ. ಎಲ್ಲ ಹಲ್ಲಿನ ಮೇಸ್ತ್ರಿಗಳೂ ಏನು ಮಾಡುತ್ತಾರೋ ಅವನೂ ಅದನ್ನೇ ಮಾಡಿದ. ಚಾಕು ತೆಗೆದುಕೊಂಡು ಉಬ್ಬನ್ನು ಹೆರೆದು, ಹೆಬ್ಬೆರಳಿನಿಂದ ಸವರಿ ನೋಡಿದ. ನುಣುಪಾಗಿತ್ತು. ಆ ಅಚ್ಚಿನ ಮೇಲೆ ಹೊಸ ಪ್ಲೇಟು ಮಾಡಿದ.

"ರೀ, ಇಲ್ಲಿ ಎಡಗಡೆ ಒತ್ತುತ್ತೆ," ಎಂದಳು ಹತ್ತು ದಿನ ಬಿಟ್ಟು. ಪ್ಲೇಟಿಗೆ ಬಿಳಿ ಮುಲಾಮು ಹಚ್ಚಿ ಹಾಕಿಸಿ ತೆಗೆದರೆ ಒತ್ತುವ ಜಾಗದಲ್ಲಿ ಮುಲಾಮು ಅಳಿಸಿರುತ್ತದೆ, ಅಲ್ಲಿ ಉಜ್ಜಿ ಕೊಡುವುದು. ಉಜ್ಜಿ ಕೊಟ್ಟ. ತಿಂಗಳು ಕಳೆಯಿತು, ಮತ್ತೆ ಒತ್ತಿತು. ಮತ್ತೆ ಉಜ್ಜಿದ. ಏಳು ತಿಂಗಳಲ್ಲಿ ಐದು ಸಲ. ಕೊನೆಗೆ ಪ್ಲೇಟು ಆ ಜಾಗದಲ್ಲಿ ಎಷ್ಟು ತೆಳುವಾಯಿತೆಂದರೆ ದೀಪಕ್ಕೆ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ಎಲ್ಲಿ ಬಾಯಿ ತೆಗಿ ನೋಡೋಣ ಎಂದಿದ್ದರೆ ಆಗುತ್ತಿತ್ತು. ಅಂದಿಲ್ಲ. ಅವಳು ಕೆಮ್ಮಿಗೆಂದು ಹೋದಾಗ ಗಂಟಲಿನ ಡಾಕ್ಟರು ಪ್ಲೇಟು ತೆಗೆಸಿ ಟಾರ್ಚು ಹಾಕಿ ನೋಡಿ, ನೋಡಿದವರು ಮಾತಾಡದೆ ಹೋಗಿ ಬಾಗಿಲು ಮುಚ್ಚಿ ಬಂದು ಕೂತರು.

ಅಂಗುಳದ ಗಡ್ಡೆ. ನೆಲ್ಲಿಕಾಯಿ ಗಾತ್ರ, ಒಳ್ಳೆಯ ಜಾತಿಯದಲ್ಲ. ತೆಗೆದರೆ ಅಂಗುಳವೂ ಹೋಗುತ್ತದೆ, ದನಿ ಮೊದಲಿನ ಹಾಗಿರುವುದಿಲ್ಲ. ಇಲ್ಲಿ ತೆಗೆಯಬಹುದು, ಆದರೆ ಇಂಥದ್ದನ್ನೇ ದಿನಾ ತೆಗೆಯುವ ಒಬ್ಬರು ಹೊರದೇಶದಲ್ಲಿದ್ದಾರೆ, ಕಾಗದ ಬರೆಯುತ್ತೇನೆ ಎಂದರು ಡಾಕ್ಟರು. ಹಣದ ಮಾತು ಬೇಡ, ಅದು ಹೇಗೋ ಆಯಿತು. ಅಲ್ಲಿಂದ ಉತ್ತರ ಬಂತು: ರೋಗಿಯ ಬಾಯಿಯ ಹಳೆಯ ಅಚ್ಚುಗಳೇನಾದರೂ ಇದ್ದರೆ ಎಲ್ಲವನ್ನೂ ತನ್ನಿ. ಆ ದಿನ ಮೇಸ್ತ್ರಿ ಕಪಾಟಿನಿಂದ ಹೋದ ವರ್ಷದ ಅಚ್ಚು ಇಳಿಸಿ, ಕಿಟಕಿಯ ಬೆಳಕಿಗೆ ಹಿಡಿದ. ಸುತ್ತೆಲ್ಲ ಅಂಗುಳದ ಸಣ್ಣ ಗೆರೆಗಳು, ಅವುಗಳ ನಡುವೆ ಚಾಕು ಆಡಿದ ನುಣುಪು ಜಾಗ. ಅಲ್ಲಿದ್ದದ್ದು ಗಾಳಿಯ ಉಬ್ಬಾಗಿರಲಿಲ್ಲ. ಕುರ್ಚಿ ಹುಡುಕಿಕೊಂಡು ಕೂತ.

ಆ ಅಚ್ಚನ್ನು ಒಡೆದುಹಾಕಲು ಸುತ್ತಿಗೆ ಎತ್ತಿದ್ದ. ಕೈ ಬರಲಿಲ್ಲ. ಅವಳಿಗೆ ಹೇಳಬೇಕು, ಅವಳು ತನ್ನದೇ ದನಿಯಲ್ಲಿ ಬೈಯಬಲ್ಲ ಕಾಲದಲ್ಲೇ ಹೇಳಬೇಕು ಎಂದು ನಿರ್ಧರಿಸಿ ಅದನ್ನು ಕೋಟಿನ ಜೇಬಿಗೆ ಸೇರಿಸಿಕೊಂಡ. ವಿಮಾನದಲ್ಲಿ ಹೇಳೋಣ ಎಂದುಕೊಂಡ. ಅವಳು ಪಕ್ಕದ ಸೀಟಿನ ಮುದುಕಿಗೆ ಸೀಟಿನ ಪಟ್ಟಿ ಬಿಗಿಯುವುದನ್ನು ಕಲಿಸುತ್ತಿದ್ದಳು.

ಹೊರದೇಶದ ಶಸ್ತ್ರವೈದ್ಯರು ಎತ್ತರದ, ನಿಧಾನದ ಮನುಷ್ಯ. ನಡುವೆ ದುಭಾಷಿ ಹೆಂಗಸು ಕೂತಿದ್ದಳು. ವೈದ್ಯರು ಕಾಲುಚೀಲದಲ್ಲಿ ತಂದ, ಎಂಟು ವರ್ಷದ ಹಿಂದಿನ ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡಿ, ಒಳ್ಳೆಯ ಕೆಲಸ ಎಂದು ತಲೆಯಾಡಿಸಿ ಏನೋ ಕೇಳಿದರು.

"ಇದಕ್ಕಿಂತ ಈಚಿಂದು ಇದ್ಯಾ ಅಂತ ಕೇಳ್ತಿದಾರೆ," ಎಂದಳು ದುಭಾಷಿ. "ಗಡ್ಡೆ ಯಾವಾಗ ಶುರುವಾಯ್ತು, ಎಷ್ಟು ಬೇಗ ಬೆಳೀತಿದೆ ಅಂತ ತಿಳಿಯುತ್ತಂತೆ."

"ಇಲ್ಲ," ಎಂದ ಮೇಸ್ತ್ರಿ.

"ಹೋದ ವರ್ಷ ಒಂದು ತೆಗೆದಿದ್ರಲ್ಲ ರೀ? ಅಡಿಗೆಮನೇಲಿ?"

"ಅದು ಒಡೆದೋಯ್ತು."

"ಮೂವತ್ತು ವರ್ಷದಲ್ಲಿ ಒಂದು ಅಚ್ಚು ಒಡೆದೋರಲ್ಲ, ನಂದೇ ಒಡೀಬೇಕಿತ್ತಾ," ಎಂದು ಅವಳು ದುಭಾಷಿಯ ಕಡೆ ನೋಡಿ ನಕ್ಕಳು. ವೈದ್ಯರು ಕಾಗದದಲ್ಲಿ ಏನೋ ಗೀಚಿಕೊಂಡರು. ಜೇಬಿನ ಅಚ್ಚು ಕುರ್ಚಿಯ ಕೈಗೂ ಅವನ ಪಕ್ಕೆಗೂ ನಡುವೆ ಒತ್ತುತ್ತಿತ್ತು. ಅಷ್ಟು ಹೇಡಿತನ ತನ್ನಲ್ಲಿದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ವಾರ್ಡಿನ ಕಿಟಕಿಯಿಂದ ಒಂದು ಬಸ್ ನಿಲುಗಡೆ ಕಾಣುತ್ತಿತ್ತು. ಅವಳು ಮಂಚದ ಮೇಲೆ ಕಾಲು ಮಡಚಿ ಕೂತು ಬಸ್ಸುಗಳನ್ನು ಎಣಿಸುತ್ತಿದ್ದಳು.

"ಕೆಂಪು ಬಸ್ಸು ಹನ್ನೆರಡು ನಿಮಿಷಕ್ಕೊಂದು. ನೀಲಿದಕ್ಕೆ ಲೆಕ್ಕವೇ ಇಲ್ಲ, ನಮ್ಮೂರಿನದರ ಹಾಗೇನೇ." ಆಮೇಲೆ ಅವನ ಕಡೆ ತಿರುಗಿದಳು. "ಇವತ್ತಾದರೂ ಪೂರ್ತಿ ಕಿವಿ ಕೊಟ್ಟು ಕೇಳಿಸ್ಕೊಳ್ಳಿ. ನಾಳೆಯಿಂದ ಈ ದನಿ ಇರಲ್ಲ."

"ಕೇಳ್ತಿದೀನಿ."

"ಒಂದು ಮಾತು ಹೇಳ್ಲಾ? ನನಗೆ ಮೊದಲೇ ನಾಲಿಗೆಗೆ ಸಿಗ್ತಿತ್ತು. ಪ್ಲೇಟು ತೆಗೆದಾಗ ಸವರಿದ್ರೆ ಸಣ್ಣಕ್ಕೆ ಒಂದು ಗಂಟು. ಇರೋದಾದ್ರೆ ಅಚ್ಚಲ್ಲಿ ಕಾಣ್ತಿತ್ತು, ಕಂಡಿದ್ರೆ ನೀವು ಸುಮ್ನಿರ್ತಿದ್ರಾ ಅಂತ ನಾನೇ ಸಮಾಧಾನ ಮಾಡ್ಕೊಂಡೆ. ನಿಮ್ಮ ಕೈಲಿ ಒಂದು ಕೂದಲು ತಪ್ಪಿಹೋಗಲ್ಲ ನೋಡಿ."

ಮೇಸ್ತ್ರಿಯ ಮಾತು ಬಾಯಿಯವರೆಗೆ ಬಂದಿತ್ತು. ಕೈ ಜೇಬಿನೊಳಗಿತ್ತು. ಅಷ್ಟರಲ್ಲಿ ಅವಳು ಅವನ ಇನ್ನೊಂದು ಕೈ ಹಿಡಿದುಕೊಂಡು, "ಹೆದರಬೇಡಿ, ನಾನೇನೂ ಹೋಗಲ್ಲ," ಎಂದುಬಿಟ್ಟಳು. ಅದನ್ನು ಕೇಳಿ ಅವನು ಅತ್ತ. ಅವಳು ಅದನ್ನು ಪ್ರೀತಿ ಎಂದುಕೊಂಡು ಬೆನ್ನು ಸವರಿದಳು. ಪ್ರೀತಿಯೂ ಹೌದು, ಆದರೆ ಪೂರ್ತಿ ಅದಲ್ಲ. ಬೆಳಿಗ್ಗೆ ಆರಕ್ಕೆ ಅವಳನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಹೋದರು.

ಒಂಬತ್ತು ಗಂಟೆ ಹಿಡಿಯಿತು. ವೈದ್ಯರು ಟೋಪಿ ತೆಗೆಯುತ್ತ ಬಂದು ಮಾತಾಡಿದರು, ದುಭಾಷಿ ನೆಲ ನೋಡಿಕೊಂಡು ಹೇಳಿದಳು. ಗಡ್ಡೆ ಪೂರ್ತಿ ಬಂತು. ಎಡಗಡೆ ಅಂಗುಳ, ಅದರ ಮೇಲಿನ ಮೂಳೆ, ನಾಲ್ಕು ಹಲ್ಲು ಎಲ್ಲ ತೆಗೆಯಬೇಕಾಯಿತು. ಮೂಗಿಗೂ ಬಾಯಿಗೂ ನಡುವೆ ಈಗ ಗೋಡೆಯಿಲ್ಲ. ಪ್ಲೇಟು ಹಾಕಿದರೆ ಮಾತು ತಿಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

"ಆರೇಳು ತಿಂಗಳು ಮುಂಚೆ ಬಂದಿದ್ರೆ ಮೂಳೆ ಮುಟ್ಟೋ ಅಗತ್ಯ ಇರ್ತಿರಲಿಲ್ವಂತೆ," ಎಂದಳು. "ಬೇಜಾರು ಮಾಡ್ಕೋಬೇಡಿ, ಇದು ನೋವಿಲ್ಲದೆ ಬೆಳೆಯುತ್ತಂತೆ, ಯಾರಿಗೂ ಗೊತ್ತಾಗಲ್ವಂತೆ."

ಮೇಸ್ತ್ರಿ ತಲೆಯಾಡಿಸಿದ.

ಹತ್ತು ದಿನ ಅವಳ ಬಾಯೊಳಗೆ ಬಟ್ಟೆ ತುಂಬಿತ್ತು. ಮೂಗಿನ ಕೊಳವೆಯಲ್ಲಿ ಊಟ. ಮಾತು ಬರೆಯುವ ಹಲಗೆಯಲ್ಲಿ. ಅದರಲ್ಲೂ ಅವಳು ಸುಮ್ಮನಿರಲಿಲ್ಲ. ನೀಲಿ ಬಸ್ಸಿನ ಡ್ರೈವರು ದಿನಾ ಬದಲಾಗ್ತಾನೆ ಎಂದು ಬರೆದಳು. ನೀವು ಊಟ ಮಾಡಿಲ್ಲ, ಮುಖ ನೋಡಿದರೆ ಗೊತ್ತಾಗುತ್ತೆ ಎಂದು ಬರೆದಳು. ಬಟ್ಟೆ ತೆಗೆದ ದಿನ ಒಂದು ಗುಟುಕು ನೀರು ಕುಡಿಸಿದರು, ಅಷ್ಟೂ ಮೂಗಿನಿಂದ ಇಳಿಯಿತು. ಅವಳು ಏನೋ ಹೇಳಿದಳು. ಗಾಳಿಯ ಸದ್ದು ಬಂತು, ಅಕ್ಷರ ಬರಲಿಲ್ಲ. ಆ ದಿನ ಅವಳು ಹಲಗೆಯನ್ನೂ ಕೇಳಲಿಲ್ಲ.

ಆಸ್ಪತ್ರೆಯ ಹಲ್ಲು ಕಟ್ಟುವ ಕೋಣೆ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಬೆಳ್ಳಿಗೂದಲಿನ ಒಬ್ಬ ಮುದುಕಿ ಕೆಲಸ ಮಾಡುತ್ತಿದ್ದಳು. ತಾನೂ ಇದೇ ಕಸುಬಿನವನು ಎಂದು ದುಭಾಷಿಯಿಂದ ಹೇಳಿಸಿದ ಮೇಲೆ ಅವಳು ಅವನ ಬೆರಳುಗಳನ್ನು ನೋಡಿ, ಉಗುರಿನ ಸಂದಿಯ ಪ್ಲಾಸ್ಟರ್ ನೋಡಿ, ಒಂದು ಏಪ್ರನ್ ಕೊಟ್ಟಳು. ಎರಡು ದಿನ ಇಬ್ಬರೂ ಪಕ್ಕಪಕ್ಕ ಕೂತರು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಅದರ ಅಗತ್ಯವೂ ಬೀಳಲಿಲ್ಲ. ಎಂಟು ವರ್ಷದ ಹಿಂದಿನ ಅಚ್ಚಿನಿಂದ ಇಲ್ಲದಿರುವ ಅಂಗುಳದ ಆಕಾರ ತೆಗೆದು, ಖಾಲಿ ಜಾಗ ತುಂಬುವಂತೆ ಪ್ಲೇಟಿನ ಮೇಲ್ಭಾಗದಲ್ಲಿ ಒಂದು ಟೊಳ್ಳು ಗುಬಟು ಏರಿಸಬೇಕಿತ್ತು. ಮೇಸ್ತ್ರಿ ಜನ್ಮದಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ. ಮೊದಲಿನ ಗೆರೆಗಳನ್ನೆಲ್ಲ ಸೂಜಿಯಿಂದ ಪ್ಲೇಟಿನ ಕೆಳಮುಖದಲ್ಲಿ ಒಂದೊಂದಾಗಿ ಮೂಡಿಸಿದ, ಅವಳ ನಾಲಿಗೆಗೆ ಗುರುತು ಸಿಗಲಿ ಎಂದು.

ಎರಡನೆಯ ಸಂಜೆ ತಡೆಯಲಾರದೆ ಜೇಬಿನ ಅಚ್ಚನ್ನು ಮೇಜಿನ ಮೇಲಿಟ್ಟ. ಮುದುಕಿ ಕನ್ನಡಕ ಸರಿಮಾಡಿಕೊಂಡಳು. ಹೆಬ್ಬೆರಳು ಅಚ್ಚಿನ ಮೇಲೆ ಓಡಿ, ಆ ನುಣುಪಿನಲ್ಲಿ ನಿಂತಿತು. ಮೇಸ್ತ್ರಿಯ ಮುಖ ನೋಡಿದಳು. ಬಿಡಿಸಿ ಹೇಳಬೇಕಾಗಲಿಲ್ಲ. ಡ್ರಾಯರು ಎಳೆದು ತನ್ನ ಚಾಕು ತೆಗೆದು, ಗಾಳಿಯಲ್ಲಿ ಹೆರೆದಂತೆ ಮಾಡಿ, ತನ್ನ ಎದೆಯನ್ನೇ ಮುಟ್ಟಿ ತೋರಿಸಿದಳು. ನಾನೂ ಇದನ್ನೇ ಮಾಡುತ್ತಿದ್ದೆ ಎಂದು ಅರ್ಥ. ಕಸುಬಿನವಳ ಕ್ಷಮೆ ಸಿಕ್ಕಿತು, ಆದರೆ ಅವನಿಗೆ ಬೇಕಾಗಿದ್ದದ್ದು ಅದಲ್ಲ.

ಪ್ಲೇಟು ಮೊದಲ ಸಲಕ್ಕೇ ಕೂತಿತು. ಅವಳು ನೀರು ಕುಡಿದಳು, ಮೂಗಿನಿಂದ ಒಂದು ಹನಿಯೂ ಬರಲಿಲ್ಲ. "ರೀ," ಎಂದಳು. ಆಮೇಲೆ "ಕೆಂಪು ಬಸ್ಸು" ಎಂದಳು. ದನಿ ದಪ್ಪಗಾಗಿತ್ತು, ನೆಗಡಿಯಾದವರ ಹಾಗೆ ಮೂಗಿನಲ್ಲಿತ್ತು, ಆದರೆ ಮಾತು ಮಾತೇ. ನರ್ಸು ಚಪ್ಪಾಳೆ ತಟ್ಟಿದಳು. ಅವಳು ಅವನ ಕೆನ್ನೆ ಹಿಡಿದು, "ನಿಮ್ಮ ಕೈಗೆ ಏನು ಕೊಟ್ಟರೂ ಕಡಿಮೆ," ಎಂದಳು.

ಆಗ ಅವನು ಹೇಳಿದ. ನರ್ಸು ಹೋಗುವವರೆಗೆ ಕಾದು, ಕರವಸ್ತ್ರ ಬಿಚ್ಚಿ ಅಚ್ಚನ್ನು ಅವಳ ತೊಡೆಯ ಮೇಲಿಟ್ಟ.

"ಇದು ಹೋದ ವರ್ಷದ್ದು. ಒಡೆದಿಲ್ಲ."

ಅವಳು ಎತ್ತಿ ನೋಡಿದಳು. ಎಷ್ಟೋ ವರ್ಷ ಬಾಗಿಲಲ್ಲಿ ನಿಂತು ಅವನ ಕೆಲಸ ನೋಡಿದವಳು. ಬೆರಳು ತಾನಾಗಿ ಎಡಗಡೆಗೆ ಹೋಯಿತು.

"ಹೆರೆದ್ರಾ?"

"ಹೆರೆದೆ. ಗಾಳಿ ಸಿಕ್ಕಿದೆ ಅನ್ಕೊಂಡೆ."

"ಒತ್ತುತ್ತೆ ಅಂದೆನಲ್ಲ."

"ನೀನು ಅಂದೆ."

"ಎಷ್ಟು ಸಲ ಅಂದೆ?"

"ಐದು ಸಲ."

ಅವಳು ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಿಲುಗಡೆಯಲ್ಲಿ ಬಸ್ಸು ಬಂತು, ಹೋಯಿತು. ಮೇಸ್ತ್ರಿ ಬೈಗುಳಕ್ಕೆ ಕಾದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

"ಡಾಕ್ಟ್ರು ಕೇಳಿದಾಗ ಇದು ಎಲ್ಲಿತ್ತು?"

"ಜೇಬಲ್ಲಿತ್ತು."

"ನನ್ನ ಪಕ್ಕದಲ್ಲೇ ಕೂತಿದ್ರಿ."

"ಹೂಂ."

ಅವಳು ಎರಡು ಬೆರಳು ಬಾಯಿಗೆ ಹಾಕಿ ಪ್ಲೇಟನ್ನು ಎಳೆದು ತೆಗೆದಳು. ಪಕ್ಕದ ಬಟ್ಟಲಿನ ನೀರಿಗೆ ಅದನ್ನು ಮೆಲ್ಲಗೆ ಬಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು. ಹಲಗೆಯೂ ಸೀಮೆಸುಣ್ಣವೂ ಕೈಗೆಟುಕುವಲ್ಲೇ ಇದ್ದವು.

ಅವಳು ಮಾತು ಬಿಟ್ಟಳು ಎಂದಲ್ಲ. ಬೆಳಿಗ್ಗೆ ಪ್ಲೇಟು ಹಾಕಿಕೊಂಡು ನರ್ಸಿನ ಜೊತೆ ಮಾತಾಡಿದಳು, ದುಭಾಷಿಯ ಮಗಳ ಪರೀಕ್ಷೆಯ ಸುದ್ದಿ ವಿಚಾರಿಸಿದಳು, ವೈದ್ಯರಿಗೆ ಕೈಮುಗಿದು ಹತ್ತು ಮಾತು ಹೇಳಿದಳು. ಮೇಸ್ತ್ರಿ ಒಳಗೆ ಬಂದರೆ ಪ್ಲೇಟು ಬಟ್ಟಲಿಗೆ ಹೋಗುತ್ತಿತ್ತು. ವಿಮಾನದಲ್ಲಿ ಹಜಾರದಾಚೆಯ ದಂಪತಿಗಳೊಂದಿಗೆ ಇಡೀ ದಾರಿ ಹರಟಿದಳು. ಅವನು ಕಣ್ಣು ಮುಚ್ಚಿಕೊಂಡು, ನಿದ್ದೆ ಬಂದವನಂತೆ ನಟಿಸುತ್ತ, ಎರಡೂ ಕಿವಿಯಲ್ಲಿ ಕೇಳಿದ.

ಮನೆಗೆ ಬಂದ ಮೇಲೂ ಅದೇ. ಗಾಜಿನ ತೂತಿನಾಚೆಗೆ ಈ ದನಿ ತಿಳಿಯುವುದಿಲ್ಲವೆಂದು ಅವಳನ್ನು ಕೌಂಟರಿನಿಂದ ತೆಗೆದು ಕಡತದ ಕೋಣೆಗೆ ಹಾಕಿದರು. ಸಂಜೆ ಬಂದು ಅಡಿಗೆಮನೆಯಲ್ಲಿ ಫೋನು ಹಿಡಿದು ತಂಗಿಗೆ ಆ ದಿನದ ಕಥೆಯೆಲ್ಲ ಹೇಳುತ್ತಿದ್ದಳು. ಕೆಲಸದ ಕೋಣೆಯಲ್ಲಿ ಮೇಸ್ತ್ರಿ ಮೋಟಾರು ನಿಲ್ಲಿಸಿ, ಕೈಯಲ್ಲಿ ಯಾರದೋ ಬಾಯಿ ಹಿಡಿದುಕೊಂಡು ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದ. ಹೊಸ ಸಾಹೇಬರು ಬೆಲ್ಟು ಬಿಟ್ಟು ಈಗ ಹೆಗಲಿಗೆ ಪ್ಯಾಂಟಿನ ಪಟ್ಟಿ ಹಾಕಿಕೊಂಡು ಬರುತ್ತಾರಂತೆ. ಅವನಿಗೆ ನಗು ಬಂತು, ನಗುತ್ತಲೇ ಕಣ್ಣು ಒರೆಸಿಕೊಂಡ. ಅವನು ನೀರಿಗೆಂದು ಎದ್ದು ಹೋದರೆ ಅಡಿಗೆಮನೆ ಸ್ತಬ್ಧವಾಗುತ್ತಿತ್ತು. ಊಟ ಬಡಿಸುತ್ತಿದ್ದಳು, ಬಟ್ಟೆ ಮಡಚಿಡುತ್ತಿದ್ದಳು, ಅವನ ಕೆಮ್ಮಿಗೆ ಔಷಧಿ ತಂದು ಮೇಜಿನ ಮೇಲಿಡುತ್ತಿದ್ದಳು. ಮಾತು ಒಂದನ್ನು ಬಿಟ್ಟು ಉಳಿದದ್ದೆಲ್ಲ ಕೊಡುತ್ತಿದ್ದಳು.

ನಾಲ್ಕನೆಯ ತಿಂಗಳು ಒಂದು ಮಧ್ಯಾಹ್ನ ಅವಳು ಕೆಲಸದ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಪ್ಲೇಟಿತ್ತು. ಮೇಜಿನ ಮೇಲಿಟ್ಟು ಎಡಗಡೆಯ ಅಂಚಿಗೆ ಬೆರಳಿಟ್ಟು ತೋರಿಸಿದಳು. ಒತ್ತುತ್ತೆ.

ಮೇಸ್ತ್ರಿಯ ಕೈ ಅಭ್ಯಾಸದಿಂದ ಮುಲಾಮಿನ ಡಬ್ಬಿಗೆ ಹೋಗಿ, ಅರ್ಧಕ್ಕೆ ನಿಂತಿತು. ಎದ್ದು ಕಿಟಕಿ ತೆರೆದ, ದೀಪದ ಕತ್ತು ತಿರುಗಿಸಿದ, ತನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿದ.

"ಬಾಯಿ ತೆಗಿ," ಎಂದ.

ಅವಳು ಅವನನ್ನು ನೋಡಿದಳು, ಆಮೇಲೆ ತೆರೆದಳು. ತನ್ನದೇ ಹೆಂಡತಿಯ ಬಾಯೊಳಗೆ ಅವನು ಬೆಳಕು ಹಿಡಿದು ಇಣುಕಿದ್ದು ಅದೇ ಮೊದಲು. ಅಂಗುಳ ಇರಬೇಕಾದಲ್ಲಿ ಕೆಂಪು ಗವಿ, ಅದರಾಚೆ ಕತ್ತಲೆ. ದೀಪವನ್ನು ಇನ್ನಷ್ಟು ಹತ್ತಿರ ಎಳೆದು ಸುತ್ತಲೂ ಬೆಳಕು ಹಾಯಿಸಿದ. ಅಂಚಿನಲ್ಲಿ ಕಡ್ಡಿ ಗೀರಿದಷ್ಟು ಒಂದು ಕೆಂಪು ಗೆರೆ, ಪ್ಲೇಟು ಉಜ್ಜಿದ್ದು. ಗಂಟಿಲ್ಲ. ಇನ್ನೊಮ್ಮೆ ನೋಡಿದ, ಮತ್ತೊಮ್ಮೆ ನೋಡಿದ.

"ಏನೂ ಇಲ್ಲ," ಎಂದ. "ಅಂಚು ತಾಗಿದೆ ಅಷ್ಟೆ. ಈಗಲೇ ಸರಿಮಾಡಿ ಕೊಡ್ತೀನಿ."

ಅವಳು ಮೇಜಿನಿಂದ ಪ್ಲೇಟು ಎತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ನೋವಿಗೆ ಕಣ್ಣು ಕಿರಿದಾಯಿತು. ಅವಳು ಮಾತಾಡುತ್ತಾಳೆ ಎಂದು ಗೊತ್ತಾಗಿ ಮೇಸ್ತ್ರಿ ನಿಂತಲ್ಲೇ ನಿಂತ.

"ನೀವು ಹೇಳಿದ್ದು ಬೇಡ," ಎಂದಳು. "ಡಾಕ್ಟ್ರಿಗೆ ತೋರಿಸ್ತೀನಿ."

ನಾಲ್ಕು ತಿಂಗಳು ಗೋಡೆಗೆ ಕಿವಿಯಿಟ್ಟು ಕಾದ ದನಿ ಅದು. ಅವನು ದೀಪ ಆರಿಸಿದ. ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು, ಅವಳು ಸೀರೆ ಬದಲಿಸಿ ಬರುವವರೆಗೆ ಬಾಗಿಲಲ್ಲಿ ಕಾದ. ಅವಳು ಬೇಡವೆನ್ನಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಪ್ಲೇಟನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಕೈಯಲ್ಲಿ ಹಿಡಿದುಕೊಂಡಳು.